ದುಃಖದ ಮನೆಗೆ ದಾಸೋಹ



ಮನೆಯ ಹಿರಿಯರೊಬ್ಬರು ಲಿಂಗೈಕ್ಯರಾದರೆ ನಮ್ಮ ಊರುಗಳಲ್ಲಿ ನಡೆಯುವ ಕ್ರಮ ಎಲ್ಲರಿಗೂ ತಿಳಿದದ್ದೇ. ಸುದ್ದಿ ಮುಟ್ಟಿದೊಡನೆ ಬೀಗರು, ನೆಂಟರು, ನೆರೆಹೊರೆಯವರು ಕೂಡುವರು. ವಿಮಾನ ಸಿದ್ಧವಾಗುವುದು, ರಾತ್ರಿಯೆಲ್ಲ ಭಜನೆ ನಡೆಯುವುದು, ಜಂಗಮರು ಬಂದು ಕ್ರಿಯಾಸಮಾಧಿಯ ವಿಧಿಗಳನ್ನು ನೆರವೇರಿಸುವರು. ಹನ್ನೊಂದನೆಯ ದಿನ ಕೈಲಾಸ ಶಿವಗಣಾರಾಧನೆ. ನೂರಾರು ಎಲೆ ಬೀಳುವುದು. ಮರುದಿನ ಶಾಮಿಯಾನ ಬಿಚ್ಚುವರು, ಬಾಡಿಗೆ ಪಾತ್ರೆಗಳು ಅಂಗಡಿಗೆ ಹಿಂದಿರುಗುವುವು, ನೆಂಟರು ಬಸ್ಸು ಹತ್ತುವರು. ಆ ಹನ್ನೆರಡನೆಯ ದಿನದ ಬೆಳಗಿನಲ್ಲಿ ಆ ಮನೆಯ ತಾಯಿ ಒಲೆಯ ಮುಂದೆ ಒಬ್ಬರೇ ಕುಳಿತಿರುವಾಗ ಅವರ ಬಳಿ ಯಾರಿರುವರು? ಆರಾಧನೆಗಾಗಿ ತಂದ ಸಾಲದ ಲೆಕ್ಕವನ್ನು ಮಗನು ಮೂಲೆಯಲ್ಲಿ ಕುಳಿತು ಬರೆಯುತ್ತಿರುವಾಗ ಅವನ ಹೆಗಲ ಮೇಲೆ ಕೈಯಿಡುವವರು ಯಾರು?

ವಿಧಿಗಳಿಗೆ ಮುಕ್ತಾಯದ ದಿನವುಂಟು; ದುಃಖಕ್ಕೆ ಅಂಥ ದಿನವಿಲ್ಲ. ಈ ಎರಡರ ನಡುವಣ ಅಂತರವನ್ನು ತುಂಬುವ ಬಗೆ ಹೇಗೆಂಬುದನ್ನು ಈ ತಿಂಗಳು ವಿಚಾರ ಮಾಡೋಣ. ಇದರಲ್ಲಿ ನಮಗೆ ಪಾಠ ಹೇಳಬಲ್ಲ ಜನಾಂಗವೊಂದಿದೆ. ಅವರೇ ಯಹೂದಿಗಳು.

ಬ್ರಹ್ಮಗಿರಿಯ ಕಲ್ಲುಗಳು

ದೂರದವರ ಮಾತಿಗೆ ಮುನ್ನ ನಮ್ಮ ಸೀಮೆಯ ಮಾತನ್ನೇ ನೋಡೋಣ. ನನ್ನಿವಾಳ, ನಾಯಕನಹಟ್ಟಿ, ಮೊಳಕಾಲ್ಮುರುಗಳ ಈ ಬಯಲುನಾಡಿಗೆ ಅಗಲಿದವರನ್ನು ಗೌರವದಿಂದ ಕಳುಹಿಸಿಕೊಡುವ ಸಂಸ್ಕಾರ ಹೊಸದಲ್ಲ. ನನ್ನಿವಾಳವು ಮ್ಯಾಸನಾಯಕ ಬಾಂಧವರ ಕಟ್ಟೆಮನೆಗಳಲ್ಲಿ ಒಂದು. ಆ ಜನರು ದೇವರ ಎತ್ತು ಸತ್ತರೂ ಅದನ್ನು ಬೀಸಾಡದೆ ವಿಧಿವತ್ತಾಗಿ ಮಣ್ಣು ಮಾಡುವರು. ನಾಯಕನಹಟ್ಟಿಯ ಹೊರಮಠವು ತಿಪ್ಪೇರುದ್ರಸ್ವಾಮಿಗಳ ಐಕ್ಯಸ್ಥಳ. ಮಹಾತ್ಮರೊಬ್ಬರ ಸಮಾಧಿಯ ಊರಿಗೆ ಫಾಲ್ಗುಣದ ಜಾತ್ರೆಯಲ್ಲಿ ನಾಡೆಲ್ಲ ಹರಿದುಬರುವುದನ್ನು ನಾವು ಕಂಡಿದ್ದೇವೆ.

ಇನ್ನೂ ಹಿಂದಕ್ಕೆ ಹೋಗಬಹುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಾವು ಅಶೋಕನ ಶಾಸನದಿಂದ ಬಲ್ಲೆವು, ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದೇ ಬೆಟ್ಟದ ತಪ್ಪಲಿನಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ತ್ವಜ್ಞರು ಉತ್ಖನನ ನಡೆಸಿ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಶಿಲಾಸಮಾಧಿಗಳನ್ನು ಶೋಧಿಸಿದರು. ನಾಲ್ಕು ಕಡೆ ಕಲ್ಲಿನ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದು ಕಟ್ಟಿದ ಕೋಣೆಗಳು ಅವು. ಒಳಗೆ ಮಡಕೆಗಳು, ಕಬ್ಬಿಣದ ಉಪಕರಣಗಳು ಮತ್ತು ಒಬ್ಬರಿಗಿಂತ ಹೆಚ್ಚು ಜನರ ಅಸ್ಥಿಗಳು ದೊರೆತವು. ಶವವನ್ನು ಮೊದಲು ಬೇರೆಡೆ ಇರಿಸಿ, ಕಾಲ ಕಳೆದ ಮೇಲೆ ಅಸ್ಥಿಗಳನ್ನು ಆಯ್ದು ತಂದು ಈ ಕಲ್ಲುಕೋಣೆಯಲ್ಲಿ ಇಡುತ್ತಿದ್ದಿರಬೇಕೆಂದು ವೀಲರ್ ಊಹಿಸಿದರು. ಎಂದರೆ, ನಮ್ಮ ಸೀಮೆಯ ಆ ಪ್ರಾಚೀನರು ಬೀಳ್ಕೊಡುಗೆಯನ್ನು ಒಂದೇ ದಿನದಲ್ಲಿ ಮುಗಿಸಲಿಲ್ಲ; ಕಾಲ ಕಳೆದ ಮೇಲೆ ಮತ್ತೊಮ್ಮೆ ಬಂದು ತಮ್ಮವರನ್ನು ಮುಟ್ಟಿ ಮಾತನಾಡಿಸಿದರು.

ಸರಿಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಜೆರುಸಲೇಮಿನ ಯಹೂದಿಗಳಲ್ಲಿಯೂ ಇಂಥದೇ ರೂಢಿ ಇತ್ತೆಂಬುದು ಆಶ್ಚರ್ಯಕರ. ಅವರು ಶವವನ್ನು ಬಂಡೆಯ ಗವಿಯಲ್ಲಿ ಇರಿಸಿ, ಸುಮಾರು ಒಂದು ವರ್ಷದ ನಂತರ ಅಸ್ಥಿಗಳನ್ನು ಆಯ್ದು ಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಒಬ್ಬರು ಮತ್ತೊಬ್ಬರಿಂದ ಕಲಿತರೆಂದು ಇದರ ಅರ್ಥವಲ್ಲ. ದುಃಖವು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂಬ ತಿಳಿವಳಿಕೆ ಮನುಷ್ಯಕುಲಕ್ಕೆ ಸಹಜವಾದದ್ದೆಂದು ಮಾತ್ರ ತಿಳಿಯಬೇಕು. ಅಸ್ಥಿಗಳನ್ನು ಆಯುವ ರೂಢಿಯನ್ನು ಯಹೂದಿಗಳು ಬಹುಕಾಲದ ಹಿಂದೆಯೇ ಬಿಟ್ಟರು. ಮೆಟ್ಟಿಲುಗಳನ್ನು ಬಿಡಲಿಲ್ಲ.

ಕನ್ನಡ ನಾಡಿನಲ್ಲಿ ಯಹೂದಿಗಳು

ಇವರು ನಮಗೆ ತೀರ ಅಪರಿಚಿತರೇನಲ್ಲ. ಬಸವಣ್ಣನವರು ಬಾಳಿದ 12ನೆಯ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ನಡೆಸಿದನು. ಸುಮಾರು 1132ರಿಂದ 1149ರವರೆಗೆ ಅವನು ಈ ಕರಾವಳಿಯಲ್ಲಿದ್ದನು. ಅವನ ಪತ್ರಗಳು ಕೈರೋ ಬಳಿಯ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಮಂಗಳೂರನ್ನು ಬಿಟ್ಟುಹೋದ ಮೇಲೆ ಅವನ ಮಗನು ತೀರಿಕೊಂಡನು. ಆ ನೋವನ್ನು ಅವನು ದೂರದ ಸೋದರನಿಗೆ ಪತ್ರದಲ್ಲಿ ತೋಡಿಕೊಂಡನು. ಸಾಗರಗಳನ್ನು ದಾಟಿ ಸಂಪತ್ತು ಗಳಿಸಿದವನಿಗೂ ಪುತ್ರಶೋಕದ ಹೊತ್ತಿನಲ್ಲಿ ಬೇಕಾದದ್ದು ತನ್ನವರೆಂಬವರ ಕಿವಿ.

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳ ಪುಟ್ಟ ರುದ್ರಭೂಮಿಯೊಂದಿದೆ. ಅದರ ಭೂಮಿಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ದಯಪಾಲಿಸಿದರು. 1904ರಲ್ಲಿ ಸುಬೇದಾರ್ ಸಾಮ್ಯುಯೆಲ್ ನಾಗಾವ್‌ಕರ್ ಎಂಬ ಸೈನಿಕರನ್ನು ಅಲ್ಲಿ ಮಣ್ಣು ಮಾಡಲಾಯಿತು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ಅಂಗಡಿ ಇಟ್ಟು ಹೆಸರಾದ ರೂಬಿನ್ ಮೋಸಸ್ ಅವರೂ ಇದೇ ಸಮುದಾಯದವರು. ನಾಗಾವ್‌ಕರ್ ಎಂಬಂಥ ಹೆಸರುಗಳು ಕೊಂಕಣದ ಹಳ್ಳಿಗಳಿಂದ ಬಂದವು. ಆ ಕೊಂಕಣದ ಯಹೂದಿಗಳನ್ನು 'ಬೆನೆ ಇಸ್ರೇಲ್' ಎನ್ನುವರು. ಅವರ ಕುಲಕಸುಬು ಗಾಣದಿಂದ ಎಣ್ಣೆ ತೆಗೆಯುವುದು. ಶನಿವಾರ ಅವರ ಪವಿತ್ರ ವಿಶ್ರಾಂತಿಯ ದಿನವಾದ್ದರಿಂದ ಅಂದು ಗಾಣ ನಿಲ್ಲಿಸುತ್ತಿದ್ದರು. ಆದಕಾರಣ ಊರವರು ಅವರನ್ನು 'ಶನಿವಾರ ತೇಲಿ', ಎಂದರೆ ಶನಿವಾರದ ಗಾಣಿಗರು ಎಂದು ಕರೆದರು. ಕಡಲೆಕಾಯಿ ಎಣ್ಣೆಯ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯವರಿಗೆ ಈ ಕಾಯಕ ಬಂಧುಗಳ ಪರಿಚಯ ಸಂತೋಷ ಕೊಡಬೇಕು.

ಏಳು, ಮೂವತ್ತು, ಹನ್ನೊಂದು

ಯಹೂದಿಗಳು ಶವವನ್ನು ಸಾಧ್ಯವಾದಷ್ಟು ಬೇಗ, ಬಹುಮಟ್ಟಿಗೆ ಒಂದು ದಿನದೊಳಗೆ, ಭೂಮಿಗೆ ಒಪ್ಪಿಸುವರು. ಮಣ್ಣಾಗುವವರೆಗೆ ಆ ಮನೆಯವರಿಗೆ ನಿತ್ಯದ ಧಾರ್ಮಿಕ ಕರ್ತವ್ಯಗಳಿಂದಲೂ ಬಿಡುವು. ಅಷ್ಟರಲ್ಲಿ ಯಾರೂ ಅವರಿಗೆ ಸಮಾಧಾನ ಹೇಳಲು ಹೋಗಬಾರದೆಂಬ ಕಟ್ಟಳೆ. ಶವವು ಎದುರಿಗಿರುವಾಗ ಸಮಾಧಾನದ ಮಾತು ಹೊಂದದೆಂಬುದು ಅವರ ಹಿರಿಯರ ವಿವೇಕ. ಶವಕ್ಕೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುವ ಕೆಲಸವನ್ನು ಊರ ಸ್ವಯಂಸೇವಕರ ತಂಡವೊಂದು ಮಾಡುವುದು. ಇದನ್ನು ಅವರು ಅಪ್ಪಟ ಕರುಣೆಯೆನ್ನುವರು. ಏಕೆಂದರೆ ಸತ್ತವರು ಪ್ರತ್ಯುಪಕಾರ ಮಾಡಲಾರರು. ಹತ್ತಿರದ ಬಂಧುಗಳು ತೊಟ್ಟ ಬಟ್ಟೆಯನ್ನು ಎದೆಯ ಬಳಿ ಹರಿದುಕೊಳ್ಳುವರು. ತಂದೆತಾಯಿಗಳಿಗಾಗಿ ಎಡಗಡೆ, ಹೃದಯದ ಮೇಲೆ, ಉಳಿದವರಿಗಾಗಿ ಬಲಗಡೆ. ಒಳಗೆ ಹರಿದದ್ದನ್ನು ಹೊರಗೂ ತೋರಿಸಲು ಅಲ್ಲಿ ಅವಕಾಶವಿದೆ.

ಸಮಾಧಿಯಿಂದ ಬಂದ ಮೇಲೆ ಏಳು ದಿನಗಳ ಶೋಕಾಚರಣೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ 'ಶಿವಾ' ಎಂದು ಹೆಸರು. ಅಲ್ಲಿ ಆ ಶಬ್ದಕ್ಕೆ 'ಏಳು' ಎಂಬರ್ಥ. ನಮ್ಮ ಶಿವನಾಮಕ್ಕೂ ಅದಕ್ಕೂ ಧ್ವನಿಯ ಸಾಮ್ಯವಷ್ಟೇ ಹೊರತು ಬೇರೆ ಸಂಬಂಧವಿಲ್ಲ. ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು ಇದನ್ನು ಆಚರಿಸುವರು. ಈ ಏಳು ದಿನ ಅವರು ಕೆಲಸಕ್ಕೆ ಹೋಗುವುದಿಲ್ಲ; ತಗ್ಗಾದ ಮಣೆಯ ಮೇಲೆ ಕುಳಿತುಕೊಳ್ಳುವರು; ಚರ್ಮದ ಪಾದರಕ್ಷೆ ತೊಡರು, ಕ್ಷೌರ ಮಾಡಿಸಿಕೊಳ್ಳರು. ಮನೆಯ ಕನ್ನಡಿಗಳಿಗೆ ಬಟ್ಟೆ ಹೊದಿಸುವ ರೂಢಿ ಹಲವೆಡೆ ಇದೆ. ಬಾಗಿಲಿಗೆ ಅಗಣಿ ಹಾಕುವುದಿಲ್ಲ. ಬರುವವರು ತಟ್ಟದೆ ಒಳಗೆ ಬರುವರು. ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ಆ ಮನೆಗೇ ಬರುವರು.

ಸಮಾಧಿಯಿಂದ ಹಿಂದಿರುಗಿದವರ ಮೊದಲ ಊಟ ಅವರ ಮನೆಯದಾಗಿರಬಾರದು. ಅದನ್ನು ನೆರೆಯವರೇ ತರಬೇಕು. ಆ ಊಟದಲ್ಲಿ ಮಸೂರದ ಬೇಳೆಗೆ ವಿಶೇಷ ಸ್ಥಾನ. ಬೇರೆ ಕಾಳುಗಳಿಗೆ ಇರುವ ಬಾಯಿಯಂಥ ಬಿರುಕು ಮಸೂರಕ್ಕಿಲ್ಲ. ದುಃಖಿತನಿಗೂ ಮಾತಾಡಲು ಬಾಯಿಯಿಲ್ಲವೆಂದು ಅವರ ಹಿರಿಯರು ಅರ್ಥ ಹೇಳುವರು. ಆದಕಾರಣವೇ ಬಂದವರು ತಾವಾಗಿ ಮಾತು ತೆಗೆಯಬಾರದೆಂಬ ನಿಯಮ. ಎಲ್ಲವನ್ನೂ ಕಳೆದುಕೊಂಡ ಯೋಬನೆಂಬ ಭಕ್ತನ ಬಳಿಗೆ ಬಂದ ಗೆಳೆಯರು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಕುಳಿತರೆಂಬ ಕಥೆ ಅವರ ಧರ್ಮಗ್ರಂಥದಲ್ಲಿದೆ. ಆ ಗೆಳೆಯರು ಮೌನವಾಗಿದ್ದಷ್ಟು ಕಾಲ ಗೆಳೆಯರಾಗಿಯೇ ಇದ್ದರು. ಬಾಯಿ ತೆರೆದು ಉಪದೇಶಕ್ಕೆ ತೊಡಗಿದ ಮೇಲೆ ಆ ನೊಂದವನಿಗೆ ಭಾರವಾದರು.

ಏಳನೆಯ ದಿನದ ಬೆಳಿಗ್ಗೆ ಮನೆಯವರು ಎದ್ದು, ಹೊರಗೆ ಬಂದು, ಬೀದಿಯಲ್ಲಿ ಒಂದು ಸುತ್ತು ನಡೆದು ಬರುವ ರೂಢಿ ಹಲವೆಡೆ ಇದೆ. ಲೋಕಕ್ಕೆ ಮರಳುವ ಮೊದಲ ಹೆಜ್ಜೆ ಅದು. ಮುಂದೆ ಮೂವತ್ತನೆಯ ದಿನದವರೆಗೆ ಕೆಲಸ ಉಂಟು, ಹಬ್ಬ ಸಂಭ್ರಮಗಳಿಲ್ಲ. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಹನ್ನೊಂದು ತಿಂಗಳ ಕಾಲ ಪ್ರತಿದಿನ 'ಕದ್ದಿಶ್' ಎಂಬ ಪ್ರಾರ್ಥನೆಯನ್ನು ಹೇಳುವರು. ಅದರಲ್ಲಿ ಸಾವಿನ ಹೆಸರೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ದೇವರ ಮಹಿಮೆಯ ಸ್ತುತಿ. ಅದನ್ನು ಒಬ್ಬಂಟಿಯಾಗಿ ಹೇಳುವಂತಿಲ್ಲ, ಹತ್ತು ಮಂದಿ ಕೂಡಿರಬೇಕು. ಹೀಗಾಗಿ ದುಃಖಿತನು ದಿನವೂ ಮನೆಯಿಂದ ಹೊರಟು ನಾಲ್ಕು ಜನರ ನಡುವೆ ನಿಲ್ಲಲೇಬೇಕಾಗುತ್ತದೆ. ವರ್ಷ ತುಂಬಿದ ತಿಥಿಯಲ್ಲಿ ಒಂದು ಹಗಲು ಒಂದು ರಾತ್ರಿ ಉರಿಯುವ ದೀಪ ಹಚ್ಚುವರು. ಸಮಾಧಿಗೆ ಹೋದವರು ಹೂವಿನ ಬದಲು ಸಣ್ಣ ಕಲ್ಲೊಂದನ್ನು ಇಟ್ಟು ಬರುವರು; ನಾನು ಬಂದಿದ್ದೆ, ಮರೆತಿಲ್ಲ ಎಂಬುದಕ್ಕೆ ಅದೇ ಗುರುತು.

ಶೋಕಕ್ಕೆ ಅವರು ಎಡೆ ಕೊಟ್ಟಂತೆ ಎಲ್ಲೆಯನ್ನೂ ಕಟ್ಟಿದರು. ಅಳಲು ಮೂರು ದಿನ, ಗುಣಸ್ಮರಣೆಗೆ ಏಳು ದಿನ, ಅಲಂಕಾರ ತೊರೆಯಲು ಮೂವತ್ತು ದಿನ. ಅದನ್ನು ಮೀರಿ ತಮ್ಮನ್ನು ತಾವು ದಂಡಿಸಿಕೊಳ್ಳಬಾರದೆಂದು ತಾಲ್ಮುದ್ ಎಂಬ ಅವರ ಧರ್ಮಗ್ರಂಥ ಹೇಳುವುದು. ಏಳು ದಿನಗಳ ನಡುವೆ ಶನಿವಾರ ಬಂದರೆ ಅಂದು ಬಹಿರಂಗ ಶೋಕವೂ ಇಲ್ಲ.

ಬುಟ್ಟಿಯ ಕಥೆ, ಬಟ್ಟೆಯ ಕಥೆ

ಇದೇ ಗ್ರಂಥದಲ್ಲಿ ನಾವು ಗಮನಿಸಲೇಬೇಕಾದ ಎರಡು ಸಂಗತಿಗಳಿವೆ. ಹಿಂದೆ ಶೋಕದ ಮನೆಗೆ ಸಿರಿವಂತರು ಬೆಳ್ಳಿ ಬಂಗಾರದ ಬುಟ್ಟಿಗಳಲ್ಲಿಯೂ ಬಡವರು ಬಿದಿರಿನಂಥ ಸಾಮಾನ್ಯ ಬುಟ್ಟಿಗಳಲ್ಲಿಯೂ ಆಹಾರ ಒಯ್ಯುತ್ತಿದ್ದರು. ಬಡವರಿಗೆ ನಾಚಿಕೆಯಾಯಿತು. ಆಗ ಹಿರಿಯರು ಕೂಡಿ, ಇನ್ನು ಮುಂದೆ ಎಲ್ಲರೂ ಸಾಮಾನ್ಯ ಬುಟ್ಟಿಯಲ್ಲಿಯೇ ಒಯ್ಯಬೇಕೆಂದು ಕಟ್ಟು ಮಾಡಿದರು. ಹಾಗೆಯೇ ಅಂತ್ಯಕ್ರಿಯೆಯ ವೆಚ್ಚ ಎಷ್ಟು ಏರಿತೆಂದರೆ, ಬಂಧುಗಳಿಗೆ ಸಾವಿಗಿಂತ ಅದೇ ಕಠಿಣವಾಗಿ, ಕೆಲವರು ಶವವನ್ನು ಬಿಟ್ಟು ಓಡಿಹೋಗುತ್ತಿದ್ದರು. ಗಮಲಿಯೇಲ್ ಎಂಬ ಮಹಾಗುರುವು ತನ್ನ ಶವಕ್ಕೆ ಸರಳವಾದ ನಾರುಬಟ್ಟೆಯನ್ನೇ ಹೊದಿಸಬೇಕೆಂದು ವಿಧಿಸಿದನು. ಅಷ್ಟು ದೊಡ್ಡವರಿಗೇ ಸರಳ ಬಟ್ಟೆಯಾದ ಮೇಲೆ ಉಳಿದವರಿಗೆ ನಾಚಿಕೆ ಏತಕ್ಕೆ? ಅಂದಿನಿಂದ ಇಂದಿನವರೆಗೆ ಸಂಪ್ರದಾಯಸ್ಥ ಯಹೂದಿಗಳಲ್ಲಿ ಶ್ರೀಮಂತನಿಗೂ ಬಡವನಿಗೂ ಒಂದೇ ಬಗೆಯ ಬಿಳಿಯ ಬಟ್ಟೆ. ಅದಕ್ಕೆ ಜೇಬಿಲ್ಲ.

ಈ ಕಟ್ಟಳೆಗಳು ದುಃಖಿತರಿಗೆ ಹೇಗೆ ನೆರವಾಗುವುವೆಂಬುದು ಈಗ ಸ್ಪಷ್ಟ. ಮನಸ್ಸು ಕುಸಿದಾಗ ಮುಂದೇನೆಂದು ನಿರ್ಧರಿಸುವ ಶಕ್ತಿ ಇರುವುದಿಲ್ಲ. ಕಟ್ಟಳೆಯೇ ಕೈಹಿಡಿದು ನಡೆಸುವುದು. ನೆರೆಯವರಿಗೂ ಹೋಗಲೋ ಬೇಡವೋ ಎಂಬ ಸಂಕೋಚವಿಲ್ಲ, ಹೋಗುವುದು ಧರ್ಮ. ಅಮೆರಿಕದ ಬಾಸ್ಟನ್ ನಗರದಲ್ಲಿ 1942ರಲ್ಲಿ ಸಂಭವಿಸಿದ ಅಗ್ನಿದುರಂತದಲ್ಲಿ 492 ಮಂದಿ ಮಡಿದಾಗ, ಅವರ ಬಂಧುಗಳನ್ನು ಕಂಡ ಎರಿಕ್ ಲಿಂಡೆಮನ್ ಎಂಬ ವೈದ್ಯರು 1944ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅದುಮಿಟ್ಟ ದುಃಖವು ಮುಂದೆ ದೇಹ ಮನಸ್ಸುಗಳ ಬಾಧೆಯಾಗಿ ಮರಳುವುದೆಂದು ತೋರಿಸಿದರು. ಆಡಲು ಬಿಡಬೇಕು, ಅಳಲು ಬಿಡಬೇಕು, ಜೊತೆಗಿರಬೇಕು ಎಂಬ ಹಳೆಯ ವಿವೇಕಕ್ಕೆ ವೈದ್ಯಶಾಸ್ತ್ರವೂ ಸಾಕ್ಷಿ ನುಡಿಯಿತು.

ಅವರ ಕಟ್ಟಳೆಯೆಲ್ಲವೂ ಕೊರತೆಯಿಲ್ಲದ್ದೆಂದು ತಿಳಿಯಬೇಕಿಲ್ಲ. ಮೂವತ್ತು ದಿನ ತುಂಬದ ಶಿಶು ಸತ್ತರೆ ಪೂರ್ಣ ಶೋಕಾಚರಣೆ ಇಲ್ಲವೆಂಬುದು ಅವರ ಹಳೆಯ ನಿಯಮ. ಹೆತ್ತವರ ಸಂಕಟವನ್ನು ಕಂಡು ಇಂದು ಅವರಲ್ಲಿಯೇ ಹಲವರು ಅದನ್ನು ಪುನಃ ವಿಚಾರಿಸುತ್ತಿದ್ದಾರೆ.

ನಮ್ಮ ಕೈಯಲ್ಲಿರುವ ಭಾಗ್ಯ

ಹಾಗಾದರೆ ನಾವು ಅವರನ್ನು ಅನುಕರಿಸಬೇಕೆ? ಅದರ ಅಗತ್ಯವಿಲ್ಲ. ನಮ್ಮಲ್ಲಿರುವುದನ್ನು ನಾವು ನೆನೆದರೆ ಸಾಕು. ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ಮರಣಸೂತಕವೂ ಒಂದು. ಸಾವಿನ ಮನೆ ಮೈಲಿಗೆಯ ಮನೆಯಲ್ಲ, ಅಲ್ಲಿ ಉಂಡರೆ ಕುಳಿತರೆ ದೋಷವಿಲ್ಲ ಎಂದು ನಮಗೆ ಎಂಟು ನೂರು ವರ್ಷಗಳ ಹಿಂದೆಯೇ ಬಿಡುಗಡೆ ದೊರೆಯಿತು. ಈ ಬಿಡುಗಡೆಯನ್ನು ನಾವು ಯಾವುದಕ್ಕೆ ಬಳಸಿದೆವು? ಆ ಮನೆಗೆ ಹೋಗಿ ಉಣ್ಣುವುದಕ್ಕೆ ಬಳಸಿದೆವು. ಆ ಮನೆಯವರಿಗೆ ಉಣಿಸುವುದಕ್ಕೆ ಎಷ್ಟು ಬಳಸಿದೆವು?

ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬೆಳೆ ನೆಲ ಕಚ್ಚಿರುವಾಗ, ಹನ್ನೊಂದನೆಯ ದಿನದ ಸಿಹಿಯೂಟಕ್ಕೆ ಸಾಲ ತರುವ ಮನೆಗಳಿವೆ. ತಂದೆಯ ಹೆಸರಿಗೆ ಕಡಿಮೆಯಾದೀತೆಂಬ ಭಯ ಒಂದು ಕಡೆ, ಊರವರ ಮಾತಿನ ಭಯ ಇನ್ನೊಂದು ಕಡೆ. ಶಿವಗಣಾರಾಧನೆ ಎಂಬ ಪವಿತ್ರ ಹೆಸರು ಸಾಲದ ಹೊರೆಗೆ ಹೊದಿಕೆಯಾಗಬಾರದು. ದಾಸೋಹವೆಂದರೆ ಇದ್ದವನು ಇಲ್ಲದವನಿಗೆ ನೀಡುವುದು. ಕಳೆದುಕೊಂಡವನಿಂದ ಕಸಿದು ಉಣ್ಣುವುದಲ್ಲ.

ಇನ್ನೊಂದು ಮಾತು ಹೇಳದೆ ವಿಧಿಯಿಲ್ಲ. ಯಹೂದಿಗಳಲ್ಲಿ ಶೋಕದ ಹೊರಗುರುತುಗಳು ಗಂಡಿಗೂ ಹೆಣ್ಣಿಗೂ ಸಮಾನ. ಕಾಲ ತುಂಬಿದೊಡನೆ ಅವು ಮುಗಿಯುವುವು. ನಮ್ಮ ನಾಡಿನಲ್ಲಿ ಬಳೆ, ಕುಂಕುಮ, ಹೂವು ತೆಗೆಸಿ ಹೆಣ್ಣಿಗೆ ಮಾತ್ರ ಆಯುಷ್ಯವಿಡೀ ಗುರುತು ಹಾಕುವ ರೂಢಿ ಅನೇಕ ಜಾತಿಗಳಲ್ಲಿ ಇನ್ನೂ ಉಳಿದಿದೆ. ನಾವೂ ಅದರಿಂದ ಪೂರ್ತಿ ಪಾರಾಗಿಲ್ಲ. ನಮ್ಮ ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿಯು 2022ರ ಮೇ ತಿಂಗಳಲ್ಲಿ ಈ ಪದ್ಧತಿಯನ್ನು ನಿಲ್ಲಿಸುವ ನಿರ್ಣಯ ಮಾಡಿತು; ಮಹಾರಾಷ್ಟ್ರ ಸರ್ಕಾರವು ಅದೇ ತಿಂಗಳು ಉಳಿದ ಪಂಚಾಯಿತಿಗಳಿಗೂ ಅದನ್ನು ಅನುಸರಿಸಲು ಸೂಚಿಸಿತು. ಇಷ್ಟಲಿಂಗವನ್ನು ಹೆಣ್ಣಿಗೂ ಗಂಡಿಗೂ ಸಮನಾಗಿ ಕೊಟ್ಟ ಪರಂಪರೆಯವರು ಈ ವಿಷಯದಲ್ಲಿ ಹಿಂದೆ ಬೀಳಬಾರದು.

ಆದ್ದರಿಂದ ಪ್ರತಿ ಊರಿನ ಶರಣಬಂಧುಗಳು, ಅಕ್ಕನ ಬಳಗದ ತಾಯಂದಿರು ಕುಳಿತು ಕೆಲವು ಸಂಗತಿಗಳನ್ನು ನಿಶ್ಚಯಿಸಬಹುದು. ಸಾವಿನ ಮನೆಯಲ್ಲಿ ಏಳು ದಿನ ಒಲೆ ಹೊತ್ತದಂತೆ ಸರದಿಯ ಮೇಲೆ ರೊಟ್ಟಿ, ಮುದ್ದೆ, ಸಾರು ಕಳುಹಿಸಬೇಕು. ಎಲ್ಲರ ಮನೆಯದೂ ಒಂದೇ ಬಗೆಯ ಸಾದಾ ಊಟವಾಗಿರಲಿ. ಆರಾಧನೆಗೆ ಒಂದು ಮಿತಿ ಗೊತ್ತುಮಾಡಿ, ಮೊದಲು ಉಳ್ಳವರೇ ಅದನ್ನು ಪಾಲಿಸಬೇಕು. ಗಮಲಿಯೇಲನು ಮಾಡಿದ್ದು ಅದನ್ನೇ. ಹೋದವರು ಕರ್ಮ, ಹಣೆಬರಹ ಎಂದು ಉಪದೇಶ ಮಾಡದೆ ಸುಮ್ಮನೆ ಕುಳಿತು, ಅವರು ಮಾತು ತೆಗೆದಾಗ ಅಗಲಿದವರ ಗುಣಗಳನ್ನು ನೆನೆಯಬೇಕು. ಶಿಶುವನ್ನು ಕಳೆದುಕೊಂಡ ತಾಯಿಗೆ 'ಇನ್ನೊಂದು ಆಗುತ್ತದೆ ಬಿಡವ್ವ' ಎಂಬ ಮಾತನ್ನು ಯಾರೂ ಆಡಬಾರದು. ತಿಂಗಳು ತುಂಬಿದ ದಿನ, ವರ್ಷ ತುಂಬಿದ ದಿನ ಕರೆಯದಿದ್ದರೂ ಇಬ್ಬರು ಆ ಮನೆಗೆ ಹೋಗಿ ಬರಬೇಕು. ತುಮಕೂರಿನ ಸಿದ್ಧಗಂಗಾ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಆ ದಿನವನ್ನು ದಾಸೋಹದ ದಿನವಾಗಿ ನಾವು ನೆನೆಯುವಂತೆ, ಮನೆಯ ಹಿರಿಯರ ನೆನಪಿನ ದಿನವೂ ಒಬ್ಬ ಬಡ ವಿದ್ಯಾರ್ಥಿಯ ಊಟವಾದರೆ ಅದಕ್ಕಿಂತ ದೊಡ್ಡ ಆರಾಧನೆ ಇಲ್ಲ.

ಆರು ತಿಂಗಳು ಕಳೆದರೂ ಊಟ ನಿದ್ರೆಗಳಿಲ್ಲದೆ, ಬದುಕೇ ಬೇಡವೆಂಬ ಮಾತು ಬರುತ್ತಿದ್ದರೆ ಅದು ಭಕ್ತಿಯ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಬದುಕು ಬೇಡವೆಂಬ ಮಾತು ಮೊದಲ ವಾರದಲ್ಲಿಯೇ ಕೇಳಿಬಂದರೂ ಕಾಯಬಾರದು. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಲಿಂಗೈಕ್ಯರಾದವರು ಬಯಲಲ್ಲಿ ಬಯಲಾದರೆಂಬುದು ನಮ್ಮ ನಂಬಿಕೆ. ಅವರ ಚಿಂತೆ ನಮಗೆ ಬೇಡ. ಉಳಿದವರು ಮಾತ್ರ ಇನ್ನೂ ಮನೆಯಲ್ಲಿದ್ದಾರೆ. ಅವರಿಗೆ ಹಸಿವಿದೆ, ಕತ್ತಲಾದಾಗ ಭಯವಿದೆ. ನಿಮ್ಮ ಬೀದಿಯಲ್ಲಿ ಈ ವರ್ಷ ಯಾವ ಮನೆಯಲ್ಲಿ ಸಾವಾಯಿತೆಂದು ಒಮ್ಮೆ ನೆನಪು ಮಾಡಿಕೊಳ್ಳಿರಿ. ನಾಳೆ ಸಂಜೆ ಅಲ್ಲಿಗೆ ಹೋಗಿ ಅರ್ಧ ತಾಸು ಕುಳಿತು ಬನ್ನಿರಿ.